ಎಂಟಕ್ಕೇ ನಿಂತ ಎಂಬತ್ತು

ಪರದೆಯ ಮೇಲೆ ಇಂಗ್ಲಿಷಿನಲ್ಲಿ 'ರೆಸ್ಪೆಕ್ಟೆಡ್ ಸರ್' ಎಂದು ಮೂಡಬೇಕಿತ್ತು. 'ರೆಸ್ಪೆಕ್ಟೆ' ಎನ್ನುವಷ್ಟರಲ್ಲಿ ಸಾಲು ಮುಗಿದುಹೋಯಿತು. ಉಳಿದದ್ದು ಕೆಳಗಿನ ಸಾಲಿಗೆ ಇಳಿಯಿತು. ಅದರ ಮುಂದಿನದು ಇನ್ನೂ ಕೆಳಕ್ಕೆ. ಅಷ್ಟು ಅಗಲದ ಪರದೆ, ಪತ್ರ ಮಾತ್ರ ಎಡಗಡೆಯ ಅಂಚಿಗೆ ಅಂಟಿಕೊಂಡು ಬಾವಿಗೆ ಬಿಟ್ಟ ಹಗ್ಗದ ಹಾಗೆ ಇಳಿಯುತ್ತಲೇ ಇತ್ತು.

"ಏನ್ರಿ ಮಾಸ್ತರ," ಎಂದರು ಹಿಂದೆ ನಿಂತಿದ್ದ ಸೆಕ್ರೆಟರಿ ಸಾಹೇಬರು, "ಇದು ಪತ್ರ ಐತ್ಯೋ, ಪಾಯಜಾಮದ ಲಾಡಿ ಐತ್ಯೋ?"

ಇದು ನಡೆದದ್ದು ಹುನಗುಂದದ ಒಂದು ಸೊಸೈಟಿಯ ಆಫೀಸಿನಲ್ಲಿ. (ಹೆಸರು ಬೇಡ. ಆ ಊರಿಗೆ ಹೋದಾಗಲೆಲ್ಲ ನಾನು ಅದರ ಮುಂದೆಯೇ ಬಸ್ಸು ಹಿಡಿಯುವವನು.) ಹೊಸದಾಗಿ ಒಂದು ಕಂಪ್ಯೂಟರ್ ತರಿಸಿದ್ದರು. ಅದರ ಮುಂದೆ ಕೂತಿದ್ದವಳು ಮುಮ್ತಾಜ್. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರ ಮಗಳು, ಅದೇ ಊರಿನ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವಳು. ಆ ಯಂತ್ರದ ಮೇಲೆ ಒಂದು ಪತ್ರ ಟೈಪು ಮಾಡಿ, ತಿದ್ದಿ, ಅಚ್ಚು ತೆಗೆದು ತೋರಿಸಿದರೆ ಆಪರೇಟರ್ ಕೆಲಸ ಅವಳಿಗೆ. ಇಲ್ಲದಿದ್ದರೆ?

ಅದನ್ನೂ ಸಾಹೇಬರೇ ಹೇಳಿದರು. "ನಾ ಚಾ ಕುಡದು ಬರ್ತೇನಿ. ಅಷ್ಟರಾಗ ನೆಟ್ಟಗಾತಂದ್ರ ಆತು. ಇಲ್ಲಂದ್ರ ಹುಬ್ಬಳ್ಳಿಯಿಂದ ಯಾರನ್ನರ ಕರಸ್ತೇವಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರ ಮಾಡಿಕೊಳ್ಳದೆ ಇರುವುದು ಹೇಗೆ? ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನು.

ಸ್ವಲ್ಪ ಹಿಂದಕ್ಕೆ ಹೋಗೋಣ. ನನ್ನ ಅಕ್ಕನ ಮಗ ವೀರೇಶ ಬಾಗಲಕೋಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ಅಲ್ಲಿ ಎರಡು ಬಗೆಯ ಯಂತ್ರಗಳಿವೆಯಂತೆ. ಒಂದರಲ್ಲಿ ಬರೆಯಲು ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ. ಇಲ್ಲಿ ಅಕ್ಷರ ಅಳಿಸುವ ಕೀ ಅಲ್ಲಿ ಇಡೀ ಸಾಲನ್ನೇ ನುಂಗುತ್ತದೆ. ಎರಡನ್ನೂ ಕಲಿಸಿ ಸಾಕಾಗಿ, ಎರಡರಲ್ಲೂ ಓಡುವಂಥ ಒಂದು ಟೆಕ್ಸ್ಟ್ ಎಡಿಟರ್, ಅಂದರೆ ಬರೆದು ತಿದ್ದುವ ಪ್ರೋಗ್ರಾಮು, ತಾನೇ ಬರೆಯುತ್ತೇನೆಂದು ಕೂತ. ಬರೆಯುವುದು ಸಿ ಎಂಬ ಭಾಷೆಯಲ್ಲಿ. (ಒಂದೇ ಅಕ್ಷರದ ಹೆಸರು. ಜಿಪುಣರೇ ಇಟ್ಟಿರಬೇಕು.)

ಒಂದು ಭಾನುವಾರ ನೋಡಲು ಹೋದೆ. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಕೇಳಿ ಕೇಳಿ. ಹಾಗಾಗಿ ಕೇಳಲು ನನಗೆ ನಾಚಿಕೆಯಿಲ್ಲ.

"ಕಾಗದ ಎಲ್ಲೈತಿ?" ಎಂದೆ.

"ಕಾಗದ ಇಲ್ಲ ಮಾಮಾ. ಮೆಮೊರಿ ಒಳಗ ಒಂದು ಉದ್ದನ ಸಾಲು ಐತಿ. ಒಂದೊಂದು ಮನ್ಯಾಗ ಒಂದೊಂದು ಅಕ್ಷರ."

"ಮತ್ತ ನಡುವ ಒಂದು ಶಬ್ದ ಬಿಟ್ಟುಹೋದ್ರ?"

ಈ ಪ್ರಶ್ನೆ ನಾನು ಸುಮ್ಮನೆ ಕೇಳಿದ್ದಲ್ಲ. ನಡುವೆ ಒಂದು ಶಬ್ದ ಬಿಟ್ಟುಹೋಯಿತೆಂದು ಇಡೀ ಹಾಳೆ ಹರಿದು ಮತ್ತೆ ಹೊಡೆದವನ ಸಂಕಟ ನಿಮಗೆ ಗೊತ್ತೇ? ಕೆಳಗೆ ಎರಡು ಕಾರ್ಬನ್ ಪ್ರತಿ ಇದ್ದರಂತೂ ಮುಗಿದೇ ಹೋಯಿತು. ನನ್ನ ಆಯುಷ್ಯದ ಎಷ್ಟು ಭಾಗ ಹಾಗೆ ಹರಿದ ಹಾಳೆಗಳಲ್ಲಿ ಹೋಗಿದೆಯೋ!

ವೀರೇಶ ನಕ್ಕ. "ಬಸ್ಸಿನ್ಯಾಗ ಬಂದೀರಲ್ಲ, ಸೀಟು ಸಿಕ್ಕಿತ್ತೇನು?"

"ಅಮೀನಗಡದ ತನಕ ನಿಂತs ಬಂದೆ. ಆಮ್ಯಾಲ ನಾಕ್ ಮಂದಿ ಸರದು ಜಾಗಾ ಕೊಟ್ರು."

"ನೋಡ್ರಿ, ನೀವೊಬ್ರು ಕೂಡಾಕ ನಾಕ್ ಮಂದಿ ಸರೀಬೇಕಾತು. ಸಾವಿರ ಮಂದಿ ಕೂತಿದ್ರ ಸಾವಿರ ಮಂದೀನೂ ಸರೀಬೇಕು. ಅದಕ್ಕ ನಾ ಏನ್ ಮಾಡೇನಿ ಅಂದ್ರ, ಕರ್ಸರ್ ನಿಂತ ಜಾಗಾದಾಗs ಒಂದಿಷ್ಟು ಸೀಟು ಖಾಲಿ ಇಟ್ಟೇನಿ. ಹೊಸಾ ಅಕ್ಷರ ಬಂದಂಗ ಅಲ್ಲೇ ಕೂಡ್ತಾವ. ಯಾರೂ ಏಳೂದ ಬ್ಯಾಡ."

"ಕರ್ಸರ್ ಬ್ಯಾರೆ ಕಡೆ ಹೋದ್ರ?"

"ಖಾಲಿ ಸೀಟೂ ಅದರ ಕೂಡ ಹೋಗ್ತಾವ. ನಡುವ ಇದ್ದವರಷ್ಟs ಎದ್ದು ಈ ಕಡೆಯಿಂದ ಆ ಕಡೆ ಕೂಡ್ತಾರ."

"ಎಲ್ಲಾ ಸೀಟು ತುಂಬಿದ್ರ?"

"ಇನ್ನೂ ದೊಡ್ಡ ಬಸ್ ತರಸ್ತೇನಿ. ಎಲ್ಲಾರನ್ನೂ ಅದಕ್ಕ ಹತ್ತಸ್ತೇನಿ."

ಎಂಥ ಚಂದದ ಉಪಾಯ! ಜಾಗ ಕೊನೆಯಲ್ಲಿ ಬಿಡುವುದು ಎಲ್ಲರಿಗೂ ಗೊತ್ತು. ನಾವು ಹಾಳೆಯ ಕೆಳಗೆ ಬಿಡುತ್ತೇವೆ. ಆದರೆ ಜಾಗ ಬೇಕಾಗುವುದು ಈಗ ಕೈ ಇರುವ ಕಡೆ. ಆ ಕೈಯ ಜೊತೆಗೇ ಜಾಗವೂ ನಡೆಯುತ್ತಿದ್ದರೆ? ನಮ್ಮ ಸಾರಿಗೆಯವರ ಕಿವಿಗೆ ಯಾರಾದರೂ ಇದನ್ನು ಹಾಕಬೇಕು.

ಬೇರೆ ಬೇರೆ ಯಂತ್ರದಲ್ಲಿ ಅದೇ ಎಡಿಟರ್ ಓಡುವುದು ಹೇಗೆ ಎಂದೂ ಕೇಳಿದೆ. ಅದಕ್ಕೂ ಉತ್ತರವಿತ್ತು.

"ಅಡಗಿ ಮಾಡಾಕಿ ಒಬ್ಬಾಕಿನs ಅಂತ ತಿಳೀರಿ. ಮನಿ ಬ್ಯಾರೆ ಬ್ಯಾರೆ. ಉಪ್ಪಿನ ಡಬ್ಬಿ ಎಲ್ಲೈತಿ, ಒಲಿ ಯಾವ ಕಡೆ ಐತಿ ಅಂತ ಒಂದು ಚೀಟಿ ಬರದು ಬಾಗಲಾಗ ಇಟ್ರ ಸಾಕು, ಆಕಿ ಓದಿಕೊಂಡು ಒಳಗ ಹೋಗ್ತಾಳ. ಅಡಗಿ ಅದೇ."

ಆ ಚೀಟಿಗೆ ಕಾನ್ಫಿಗರೇಶನ್ ಫೈಲ್ ಎಂದು ಹೆಸರು. ಪರದೆಯಲ್ಲಿ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಟ್ಯಾಬ್ ಒತ್ತಿದರೆ ಎಷ್ಟು ದೂರ ಹಾರಬೇಕು, ಯಾವ ಕೀ ಏನು ಮಾಡಬೇಕು. ಎಡಿಟರ್ ಎದ್ದ ಕೂಡಲೇ ಅದನ್ನು ಓದಿ, ತನ್ನೊಳಗೆ ಒಂದೊಂದಕ್ಕೂ ಮಾಡಿಟ್ಟ ಗೂಡಿನಲ್ಲಿ ಹಾಕಿಕೊಳ್ಳುತ್ತದೆ. ಆಮೇಲೆ ಚೀಟಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಮುಮ್ತಾಜ್ ಭಾನುವಾರಗಳಂದು ಬಾಗಲಕೋಟೆಗೆ ಹೋಗಿ ಅದೇ ಎಡಿಟರಿನ ಮೇಲೆ ಕಲಿತಳು. ಹುನಗುಂದದ ಕೆಲಸದ ಸುದ್ದಿ ಬಂದಾಗ ಅವರ ಯಂತ್ರಕ್ಕೆ ಬೇಕಾದ ಚೀಟಿಯಲ್ಲಿ ಏನೇನಿರಬೇಕೆಂದು ವೀರೇಶ ಹೇಳಿದ, ನಾನು ಟೈಪು ಮಾಡಿದೆ. ಯಾರು? ನಾನು. ಕೋರ್ಟಿನ ಕಾಗದ ಟೈಪು ಮಾಡಿದವನು. ನನ್ನ ಟೈಪಿನಲ್ಲಿ ತಪ್ಪು ಹುಡುಕುವವರು ಇಳಕಲ್ಲಿನಲ್ಲಿ ಇನ್ನೂ ಹುಟ್ಟಿಲ್ಲ. ಆ ಯಂತ್ರ ಇದ್ದದ್ದು ಹುನಗುಂದದಲ್ಲಿ, ಆದ್ದರಿಂದ ಬಾಗಲಕೋಟೆಯಲ್ಲಿ ಹಾಕಿ ನೋಡುವ ಹಾಗಿರಲಿಲ್ಲ. ಫ್ಲಾಪಿ ಜೇಬಿಗೆ ಹಾಕಿಕೊಂಡು ಹೊರಟೆವು.

ಹೋಗಿ ನೋಡಿದರೆ ಲಾಡಿ.

ಸಾಹೇಬರು ಚಹಾಕ್ಕೆ ಹೋದರು. ಮುಮ್ತಾಜ್ ಚೀಟಿಯನ್ನು ಅದೇ ಎಡಿಟರಿನಲ್ಲಿ ತೆರೆದಳು. ಅದೂ ಲಾಡಿಯ ಹಾಗೇ ಕಂಡಿತು. ಇಬ್ಬರೂ ಓದಿದೆವು. ಸಾಲಿಗೆ ಅಕ್ಷರ: ಎಂಬತ್ತು. ಸರಿಯಾಗಿದೆ. ಮತ್ತೆ ಓದಿದೆವು. ಸರಿಯಾಗಿಯೇ ಇದೆ.

"ಮಷೀನs ಕೆಟ್ಟೈತಿ," ಎಂದೆ. "ಸಾಹೇಬ್ರಿಗೆ ಹಂಗs ಹೇಳೂಣು."

"ತಡೀರಿ ಸರ್. ಎಂಟ ಅಕ್ಷರಕ್ಕ ಯಾಕ ನಿಂತೈತಿ? ಕೆಟ್ಟದ್ದು ಹೌದಾಗಿದ್ರ ಏಳಕ್ಕರ ನಿಲ್ಲಬೇಕಿತ್ತು, ಇಪ್ಪತ್ತಕ್ಕರ ನಿಲ್ಲಬೇಕಿತ್ತು. ಎಂಟ ಯಾಕ?"

ಎಂಟನ್ನು ತೆಗೆದು ಒಂಬತ್ತು ಹಾಕಿದಳು. ತೊಂಬತ್ತು ಎಂದಾಯಿತು. ಎಡಿಟರ್ ಮುಚ್ಚಿ ತೆಗೆದಳು. ಈಗ ಸಾಲಿಗೆ ಒಂಬತ್ತು ಅಕ್ಷರ!

"ಮೊದಲನೇ ಅಂಕಿ ಅಷ್ಟ ತಗೋಳಾಕತ್ತೈತಿ ನೋಡ್ರಿ," ಎಂದಳು. ಭಯ ಎಲ್ಲಿ ಹೋಯಿತೋ, ಮುಖದ ತುಂಬ ಕುತೂಹಲ. ತೊಂಬತ್ತೊಂಬತ್ತು ಹಾಕಿ ನೋಡಿದಳು. ಸಾಲು ಪರದೆಯನ್ನು ದಾಟಿ ಹೋಯಿತು. ಅಂದರೆ ಎರಡು ಅಂಕಿಯನ್ನೂ ಓದಲು ಅದಕ್ಕೆ ಬರುತ್ತದೆ. ಹಾಗಾದರೆ ಸೊನ್ನೆಯ ಮೇಲೆ ಏನು ಸಿಟ್ಟು?

ಆಗ ಅವಳು ಒಂದು ಕೆಲಸ ಮಾಡಿದಳು. ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಮಾಡಬಾರದ ಕೆಲಸ. ತಲೆ ಬಗ್ಗಿಸಿ ಕೀಲಿಗಳನ್ನು ನೋಡಿದಳು.

ನಮ್ಮಲ್ಲಿ ಕಲಿತವರು ಕೀಲಿ ನೋಡುವುದಿಲ್ಲ. ನೋಡದಿರಲೆಂದೇ ಕೈಗಳ ಮೇಲೆ ಬಟ್ಟೆ ಹೊದಿಸಿ ಕಲಿಸುತ್ತೇನೆ. ನಮ್ಮ ಹಳೇ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಯ ಕೀಲಿಯೂ ಇಲ್ಲ, ಸೊನ್ನೆಯ ಕೀಲಿಯೂ ಇಲ್ಲ. ಒಂದಕ್ಕೆ ಇಂಗ್ಲಿಷಿನ ಸಣ್ಣ 'ಎಲ್', ಸೊನ್ನೆಗೆ ದೊಡ್ಡ 'ಓ'. ಕಾಗದದ ಮೇಲೆ ಬಿದ್ದ ಮೇಲೆ ಯಾರು ಗುರುತಿಸುತ್ತಾರೆ? ಎಲ್ಲ ಆಫೀಸುಗಳೂ ಹಾಗೇ ನಡೆದಿವೆ. ನನ್ನ ಬೆರಳಿಗೂ ಅವಳ ಬೆರಳಿಗೂ 'ಓ' ಎಂದರೇ ಸೊನ್ನೆ.

"ಸರ್," ಎಂದಳು ಮೆಲ್ಲಗೆ, "ಒಂಬತ್ತರ ಬಾಜೂಕ ಈ ಕೀ ಯಾಕ ಇಟ್ಟಾರ?"

ಅಲ್ಲಿ ಸೊನ್ನೆ ಇತ್ತು. ಚೀಟಿಯಲ್ಲಿ ನಾನು ಹೊಡೆದದ್ದು 'ಓ'. ಎಂಟರ ಮುಂದೆ ಸೊನ್ನೆಯನ್ನೇ ಒತ್ತಿ, ಎಡಿಟರ್ ಮುಚ್ಚಿ ತೆಗೆದಳು. ಪತ್ರ ಪರದೆಯ ಉದ್ದಗಲಕ್ಕೂ ಹಾಸಿಕೊಂಡು ಕೂತಿತು.

ಸಾಹೇಬರು ಮೀಸೆ ಒರೆಸಿಕೊಳ್ಳುತ್ತ ಬಂದರು. "ಆತೇನು? ಮಷೀನಿಂದೇನು ತಪ್ಪು?" ನಾನು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು. "ಮಷೀನಿಂದಲ್ರಿ. ನಾವs ತಪ್ಪು ಬರದಿದ್ವಿ." ನನಗೆ ಹೇಗಾಗಿರಬೇಡ! ಪತ್ರ ತಿದ್ದಿದಳು, ಅಚ್ಚು ತೆಗೆದಳು. ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಸೋಮವಾರ ಬರಲು ಹೇಳಿದರು.

ನಡುವಿನ ಭಾನುವಾರ ಬಾಗಲಕೋಟೆಗೆ ಹೋಗಿ ವೀರೇಶನ ಜೊತೆ ಜಗಳಕ್ಕೇ ನಿಂತೆ. ಮುಮ್ತಾಜಳೂ ಬಂದಿದ್ದಳು.

"ತಪ್ಪು ನಂದು, ಒಪ್ಪಿದೆ. ಆದ್ರ ನಿನ್ನ ಪ್ರೋಗ್ರಾಮಿಗೆ ಬಾಯಿ ಇಲ್ಲೇನು? ಎಂಟರ ಮುಂದಿಂದು ತಿಳೀಲಿಲ್ಲ ಅಂತ ಹೇಳಾಕ ಏನಾಗಿತ್ತು?"

ವೀರೇಶ ತಲೆ ಕೆರೆದುಕೊಂಡ. "ಖರೆ ಮಾಮಾ. ಅಂಕಿ ಓದಾಕ ಸಿ ಒಳಗ ಒಂದು ರೆಡಿ ಸಾಮಾನು ಐತಿ. ಅದನ್ನs ಹಾಕಿದ್ದೆ. ಅದು ಅಂಕಿ ಇರೂ ತನಕ ಓದತೈತಿ. ಅಂಕಿ ಅಲ್ಲದ್ದು ಬಂತಂದ್ರ ಅಲ್ಲಿಗೆ ನಿಂತು, ಅಷ್ಟನ್ನ ಕೊಟ್ಟು ಸುಮ್ನಾಗತೈತಿ. ತಕರಾರು ಮಾಡೂದಿಲ್ಲ."

"ಅಂದ್ರ ತಿಳದಷ್ಟು ತಗೊಂಡು, ಎಲ್ಲಾ ತಿಳದವರ ಹಂಗ ನಡೀತೈತಿ?" ಎಂದಳು ಮುಮ್ತಾಜ್.

"ಹೌದವಾ."

"ಅದು ಭಾಳ ಕೆಟ್ಟ ಚಟಾ ಅಲ್ರಿ ಸರ್?"

ವೀರೇಶ ಅಲ್ಲೇ ಕೂತು ನಾಲ್ಕು ಸಾಲು ಸೇರಿಸಿದ. ಈಗ ಚೀಟಿಯಲ್ಲಿ ತಿಳಿಯದ್ದು ಬಂದರೆ ಎಡಿಟರ್ ಮುಂದೆ ಹೆಜ್ಜೆ ಇಡುವುದಿಲ್ಲ. ಇಂಥ ಸಾಲಿನಲ್ಲಿ ಇದು ನನಗೆ ತಿಳಿಯಲಿಲ್ಲ, ನೋಡಿ ಎಂದು ಹೇಳಿ ಕಾಯುತ್ತದೆ. ನಾನು ಬೇಕೆಂದೇ 'ಓ' ಹಾಕಿ ಪರೀಕ್ಷೆ ಮಾಡಿದೆ. ಹೇಳಿತು! ಅದಕ್ಕಿದ್ದ ಮರ್ಯಾದೆ ನನ್ನ ಕಣ್ಣಲ್ಲಿ ಇಮ್ಮಡಿಯಾಯಿತು.

ಸೋಮವಾರ ಹುನಗುಂದಕ್ಕೆ ಹೋದೆವು. ಆರ್ಡರ್ ಮೇಜಿನ ಮೇಲೆಯೇ ಇತ್ತು. ಸಹಿ ಮಾಡುವುದಷ್ಟೇ ಬಾಕಿ. ಸೆಕ್ರೆಟರಿ ಸಾಹೇಬರು ಪೆನ್ನು ಮುಂದೆ ಇಟ್ಟು ಒಂದೇ ಉಸಿರಿನಲ್ಲಿ ಹೇಳಿದರು. "ನೋಡವಾ, ಸದ್ಯಕ್ಕ ಟೆಂಪರರಿ. ಮುಂದ ಕಮಿಟಿ ಕೂಡಿದಾಗ ನೋಡೂಣು. ಕಾಗದದಾಗ ಟೈಪಿಸ್ಟ್ ಅಂತ ತೋರಸ್ತೇವಿ, ಮಷೀನು ನೀನs ನೋಡಕೊಳ್ಳೂದು, ರಜಾ ಗಿಜಾ ಎಲ್ಲಾ ರೂಲಿನ ಪ್ರಕಾರ. ತಿಳೀತಲ್ಲ?"

ತಿಳಿಯಿತು ಎಂದು ತಲೆಯಾಡಿತು. ಅವಳದಲ್ಲ, ನನ್ನದು.

"ಇಲ್ರಿ," ಎಂದಳು ಮುಮ್ತಾಜ್. "ಅರ್ಧಾ ತಿಳೀತು. ನೀವು ಕರದದ್ದು ಆಪರೇಟರ್ ಕೆಲಸಕ್ಕ. ಪತ್ರಾ ತಗಸಿದ್ದೂ ಅದಕ್ಕs. ಈಗ ಟೈಪಿಸ್ಟ್ ಅಂತೀರಿ, ಮಷೀನೂ ನಾನs ನೋಡಬೇಕಂತೀರಿ. ನಾ ಯಾವುದಕ್ಕ ಸಹಿ ಮಾಡಾಕತ್ತೀನ್ರಿ?"

ಸಾಹೇಬರು ನನ್ನ ಕಡೆ ನೋಡಿದರು. "ಮಾಸ್ತರ, ಇದನ್ನೂ ನೀವs ಕಲಿಸಿದ್ದೇನು?"

"ಅಲ್ರಿ," ಎಂದೆ. ಅದೂ ಖರೆಯೇ.

"ಅಧ್ಯಕ್ಷರನ್ನ ಕೇಳಿ ಹೇಳಿ ಕಳಸ್ತೇನಿ," ಎಂದು ಕಾಗದವನ್ನು ಒಳಗೆ ಇಟ್ಟುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಬೈದೆ. "ಕೈಗೆ ಬಂದದ್ದು ಹೋತಲ್ಲವಾ! ಮೊದಲು ಒಳಗ ಹೋಗಿ, ಆಮ್ಯಾಲ ಕೇಳಬೇಕಿತ್ತು."

"ಒಳಗ ಹೋದಮ್ಯಾಲ ಕೇಳಿದ್ರ, ಆವತ್ಯಾಕ ಸುಮ್ನಿದ್ದಿ ಅಂತಿದ್ರು ಸರ್."

ಅಂದಳೇನೋ ನಿಜ, ಅವಳ ಹತ್ತಿರವೂ ಧೈರ್ಯ ಬಹಳ ಉಳಿದಿರಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಪ್ಪನಿಗೆ ಏನು ಹೇಳುವುದು ಎಂಬ ಚಿಂತೆ ಇದ್ದೀತು.

ಮೊನ್ನೆ ಆರ್ಡರ್ ಬಂತು. ಆಪರೇಟರ್ ಎಂದೇ ಇದೆ. ನಿನ್ನೆಯಿಂದ ಹೋಗುತ್ತಿದ್ದಾಳೆ.

ಇತ್ತ ನಾನು ಬಟ್ಟೆ ಹೊದಿಸಿ ಕಲಿಸುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಒಂದು ಪ್ರಶ್ನೆ ಎರಡು ದಿನದಿಂದ ಕೊರೆಯುತ್ತಿದೆ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುವುದನ್ನು ವೀರೇಶ ಒಂದು ಯಂತ್ರಕ್ಕೆ ನಾಲ್ಕು ಸಾಲಿನಲ್ಲಿ ಕಲಿಸಿದ. ಆಫೀಸಿನ ಮೇಜು ಕಂಡ ಕೂಡಲೇ ತಿಳಿಯಿತು ಎಂದು ತನ್ನಷ್ಟಕ್ಕೆ ತಾನೇ ಆಡುವುದನ್ನು ನಮ್ಮ ತಲೆಗೆ ಕಲಿಸಿದವರು ಯಾರು?