ಹಳದಿ ತುದಿ ಸವರಿದ ಸಸಿ

ದೇವಾಪುರದ ನಮ್ಮ ಕಡೆ ಭತ್ತದ ಸಸಿ ತೀರ ಉದ್ದ ಬೆಳೆದರೆ ನಾಟಿಗೆ ಮೊದಲು ತುದಿ ಕೊಯ್ಯುವ ರೂಢಿ ಇದೆ. ಗಾಳಿಗೆ ವಾಲುವುದಿಲ್ಲ ಎನ್ನುತ್ತಾರೆ. ಹೋದ ಮಳೆಗಾಲ ನಾನು ಕೊಯ್ದದ್ದು ಅದಕ್ಕಲ್ಲ. ನನ್ನ ಸಸಿಮಡಿಯ ಒಂದು ಮಗ್ಗುಲಲ್ಲಿ ಎಲೆಗಳ ತುದಿಗಳು ಹಳದಿಯಾಗಿ ಒಣಗಿದ್ದವು. ಹಸಿರಾಗಿದ್ದ ಕಟ್ಟುಗಳನ್ನು ನನಗೆ ಇಟ್ಟುಕೊಂಡೆ. ಹಳದಿಯವುಗಳ ತುದಿಯನ್ನು ರೋಗ ಕಾಣದಂತೆ ಕುಡುಗೋಲಿನಿಂದ ಸವರಿ, ಪಕ್ಕದ ಗದ್ದೆಯ ಹೆಣ್ಣುಮಗಳಿಗೆ ಕೊಟ್ಟೆ. ಅವಳ ಮಡಿ ಮಳೆಗೆ ಕೊಚ್ಚಿಹೋಗಿತ್ತು. ಗಂಡನಿಲ್ಲದವಳು, ನನ್ನನ್ನು ಕಾಕಾ ಎನ್ನುತ್ತಾಳೆ.

ತೆನೆ ಬರುವ ಹೊತ್ತಿಗೆ ಅವಳ ಪೈರು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಅವಳ ನೀರು ಹರಿಯುವ ಕೆಳಗಿನ ಗದ್ದೆಗೂ ರೋಗ ಇಳಿಯಿತು. ಕೆಳಗಿನವನು ಅವಳ ನೀರು ಇಳಿಯುವ ಬದುವಿನ ಬಾಯಿಗೆ ಮಣ್ಣು ಮೆತ್ತಿಬಿಟ್ಟ. ಬದುಕಿದ್ದ ಅಷ್ಟಿಷ್ಟು ಪೈರೂ ನಿಂತ ನೀರಿನಲ್ಲಿ ಕೊಳೆಯತೊಡಗಿತು.

ರೋಗ ಎಲ್ಲಿಂದ ಹಬ್ಬಿತೆಂದು ಪತ್ತೆ ಮಾಡಲು ಸುರಪುರದ ಕೃಷಿ ಕಚೇರಿಯಿಂದ ಒಬ್ಬ ಮೇಡಂ ಬಂದರು. ನೀರಿನ ದಾರಿ ಹಿಡಿದು ಕೆಳಗಿನಿಂದ ಮೇಲಕ್ಕೆ ನಡೆದು ಅವಳ ಗದ್ದೆಯಲ್ಲಿ ನಿಂತರು. ಕೆಳಗಿನವನೂ ನಾನೂ ಅಲ್ಲಿದ್ದೆವು. ಒಂದು ಎಲೆ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರು. ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿಯಿತು.

“ಇದೇ ರೋಗದ ಕ್ರಿಮಿ. ಸಸಿ ಎಲ್ಲಿಂದ ತಂದಿರಿ?”

“ಕಾಕಾ ಕೊಟ್ಟಾನ್ರಿ,” ಎಂದಳು ಅವಳು.

“ನನ್ನ ಮಡ್ಯಾಗ ಏನೂ ಇರಲಿಲ್ರಿ ಮೇಡಂ. ನನ್ನ ಗದ್ದಿ ನೋಡ್ರಿ ಬೇಕಾದ್ರ,” ಎಂದೆ.

ನೋಡಿದರು. ಹಸಿರಾಗಿತ್ತು.

ಕೆಳಗಿನವನು ನಕ್ಕ. “ಆಕಿ ಕೈ ತಾಗಿದ್ರ ಹಸರೂ ಒಣಗ್ತದ ಬಿಡ್ರಿ.”

ಆಮೇಲೆ ನಾನು ಅವಳ ಬದುವಿನ ಮೇಲೆ ನಡೆಯುವುದನ್ನು ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ನೋಯುವ ಮೊಣಕಾಲಿಗೆ ಆ ಸುತ್ತೂ ಸಾಕಾಯಿತು. ಕೊನೆಗೆ ಅವಳ ಬಳಿ ಹೋಗಿ ಎಲ್ಲ ಹೇಳಿದೆ.

“ನನಗ್ಯಾಕ ಹೇಳ್ತಿ ಕಾಕಾ? ಮಣ್ಣು ಹಾಕಿದವನ ಮುಂದ ಹೇಳು.”

ಚಹಾದ ಅಂಗಡಿಯಲ್ಲಿ ಎಲ್ಲರೆದುರು ಅವನಿಗೆ ಹೇಳಿದೆ. ಅವನು ಕಪ್ಪು-ಬಸಿ ಕೆಳಗಿಟ್ಟ. “ತಪ್ಪು ನಿಂದೇ ಇರಲಿ ಮುದುಕಾ. ನೀರಾಗ ಕ್ರಿಮಿ ಅದಾವಲ್ಲ. ನನ್ನ ಗದ್ದಿಗ್ಯಾಕ ಬಿಡ್ಲಿ?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆ ನೀರು ಹಳ್ಳ ಸೇರಲು ಇನ್ನೊಂದೇ ದಾರಿಯಿತ್ತು, ನನ್ನ ಗದ್ದೆ. ಮರುದಿನ ಸಲಿಕೆ ಹಿಡಿದು ನಮ್ಮಿಬ್ಬರ ನಡುವಿನ ಬದು ಒಡೆದೆ. ನೀರು ನನ್ನ ಹಸಿರು ಪೈರಿನೊಳಗೆ ನುಗ್ಗಿತು. ಅವಳು ಬಂದು ನಿಂತು ನೋಡಿದಳು.

“ಇನ್ನಷ್ಟು ಅಗಲ ತೆಗಿ ಕಾಕಾ, ನೀರು ಬಾಳ ಅದ,” ಎಂದಳು.

ಸೊಂಟ ನೋಯುತ್ತಿತ್ತು. ಇನ್ನಷ್ಟು ಅಗೆದೆ.