ಉಡಿಯ ಕೊಬ್ಬರಿ ಮತ್ತು ಎರಡನೇ ಟರ್ಮಿನಲ್

ಬೆಂಗಳೂರಿನ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ನೋಡಿ ಬಂದವರೆಲ್ಲ ಅದನ್ನು ಹೊಗಳಿದ್ದೇ ಹೊಗಳಿದ್ದು. ಚಾವಣಿಗೆಲ್ಲ ಬಿದಿರು, ಮೇಲಿಂದ ಇಳಿಬಿಟ್ಟ ಗಿಡಬಳ್ಳಿ, ಧುಮುಕುವ ನೀರು. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಅಲ್ಲಿ ತೆಗೆಸಿಕೊಂಡ ಫೋಟೊ ತೋರಿಸಿ ವಾರಗಟ್ಟಲೆ ತಲೆ ತಿಂದಿದ್ದರು. ಚೆಂದವೇ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದರ ಹೆಸರೆತ್ತಿದರೆ ನನಗೆ ಮೈ ಉರಿಯುತ್ತದೆ.

ನಾನು ನರಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತಂಗಿಯ ಗಂಡ ಸೈನ್ಯದಲ್ಲಿದ್ದಾನೆ, ಅಸ್ಸಾಮಿನಲ್ಲಿ ಕ್ವಾರ್ಟರ್ಸ್. ರೋಣದಲ್ಲಿರುವ ಅವ್ವನ ಮನೆಗೆ ಬಂದಿದ್ದ ತಂಗಿ ವಾಪಸು ಹೊರಟಾಗ ಐದು ತಿಂಗಳ ಬಸುರಿ. ಅದಕ್ಕೆ ಮುಂಚೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೇ ಸಲ ಅವ್ವ ದವಾಖಾನೆಯಲ್ಲಿದ್ದಳು. ತಂಗಿ ಉಡಿ ತುಂಬಿಸಿಕೊಳ್ಳದೆಯೇ ಗಂಡನ ಹತ್ತಿರ ಹೋದಳು. ಅಲ್ಲಿ ಮುಟ್ಟಿದ ಕೆಲವೇ ದಿನಕ್ಕೆ ಅದೂ ಹೋಯಿತು. "ಖಾಲಿ ಉಡೀಲೆ ಕಳಿಸಿದ್ನಲ್ಲ" ಎಂದು ಅವ್ವ ಇವತ್ತಿಗೂ ಕೊರಗುತ್ತಾಳೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಡಾಕ್ಟರು ಕಾರಣ ಹೇಳಿದ್ದಾರೆ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು.

ಈ ಸಲ ಅವ್ವ ಬಿಡಲಿಲ್ಲ. ಓಣಿಯ ಐವರು ಮುತ್ತೈದೆಯರನ್ನು ಕರೆದು ಉಡಿ ತುಂಬಿಸಿದಳು. ಅಕ್ಕಿ, ಖಣ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಎರಡು ಒಣ ಕೊಬ್ಬರಿ ಬಟ್ಟಲು. ಎಲ್ಲವನ್ನೂ ಬಟ್ಟೆಯ ಚೀಲಕ್ಕೆ ಹಾಕಿ ತಂಗಿಯ ಕೈಗೆ ಕೊಟ್ಟು, "ಮನಿ ಮುಟ್ಟಿ ದೇವರ ಮುಂದ ಬಿಚ್ಚು. ದಾರ್ಯಾಗ ಒಂದ ಕಾಳೂ ಚೆಲ್ಲಬಾರ್ದ ನೋಡ" ಎಂದಳು. ಅಷ್ಟು ದೂರದ ರೈಲು ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ವಿಮಾನ. ಅವಳ ಜೋಡಿಗೆ ನಾನು. ಹೊಳೆಆಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದಿಳಿದೆವು.

ರಾಜಧಾನಿಯ ವಿಮಾನ ನಿಲ್ದಾಣ ರಾಜಧಾನಿಯಲ್ಲಿಲ್ಲ ಎನ್ನುವುದು ಬಸ್ಸಿನಲ್ಲಿ ಕೂತ ಮೇಲೆ ಚೆನ್ನಾಗಿ ಅರ್ಥವಾಯಿತು. ಹಿಂದೆ ಊರೊಳಗೇ ಇತ್ತಂತೆ. ಈಗ ಒಂದು ಫ್ಲೈಓವರ್ ಇಳಿದರೆ ಇನ್ನೊಂದು, ನಡುವೆ ಮೆಟ್ರೊ ಕಂಬಗಳು, ಅಗೆದುಹಾಕಿದ ಮಣ್ಣು. ಬಸ್ಸು ಕುಲುಕಿದಾಗಲೆಲ್ಲ ತಂಗಿ ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಚೀಲ ಹಿಡಿದುಕೊಳ್ಳುತ್ತಿದ್ದಳು. ನಾನು ಕಂಡಕಂಡವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಿದ್ದೆ. ಕೊನೆಗೂ ಇಳಿದರೆ ಅದು ಮೊದಲನೇ ಟರ್ಮಿನಲ್. ಬಾಗಿಲಲ್ಲಿದ್ದವನು ಟಿಕೆಟ್ ನೋಡಿ, ನಿಮ್ಮದು ಎರಡನೆಯದು, ಬೇರೆ ಬಸ್ ಹಿಡಿಯಿರಿ ಎಂದ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ತಪ್ಪು ಜಾಗದಲ್ಲಿ ನಿಂತರೆ ಕಂಡಕ್ಟರನೇ ಕೂಗಿ ಕರೆಯುತ್ತಾನೆ. ಇಲ್ಲಿ ಇಷ್ಟೆಲ್ಲ ಕಟ್ಟಿದ್ದಾರೆ, ಕೂಗುವವರೊಬ್ಬರಿಲ್ಲ.

ಓಡೋಡಿ ಎರಡನೆಯದಕ್ಕೆ ಬಂದು, ದೊಡ್ಡ ಬ್ಯಾಗು ಒಪ್ಪಿಸಿ, ತಪಾಸಣೆಯ ಸಾಲಿಗೆ ನಿಂತೆವು. ಉಡಿಯ ಚೀಲ ಯಂತ್ರದೊಳಗೆ ಹೋಯಿತು. ಹೊರಗೆ ಬಂದದ್ದೇ ಕಾವಲಿನ ಹೆಣ್ಣುಮಗಳು ಅದನ್ನು ಪಕ್ಕಕ್ಕಿಟ್ಟು, ಕೊಬ್ಬರಿ ಬಟ್ಟಲು ತೆಗೆದು, ಇದನ್ನು ಒಯ್ಯುವ ಹಾಗಿಲ್ಲ ಎಂದು ಹಿಂದಿಯಲ್ಲಿ ಹೇಳಿ ಕಸದ ಡಬ್ಬಿ ತೋರಿಸಿದಳು. ಅದರಲ್ಲಿ ಲೈಟರು, ಬೆಂಕಿಪೊಟ್ಟಣ ಬಿದ್ದಿದ್ದವು.

"ಅಕ್ಕಾ, ಉಡಿ ಇದು. ಕಸದಾಗ ಹ್ಯಾಂಗ ಒಗೀಲಿ?" ಎಂದಳು ತಂಗಿ.

ನನಗೆ ಬರುವ ಹಿಂದಿಯಲ್ಲಿ ಆ ಹೆಣ್ಣುಮಗಳಿಗೆ ತಿಳಿಸಿ ಹೇಳಿದೆ. ನೀವೇ ಇಟ್ಟುಕೊಳ್ಳಿ ಎಂದೆ. ಪ್ರಯಾಣಿಕರ ಸಾಮಾನು ನಾವು ತೆಗೆದುಕೊಳ್ಳುವಂತಿಲ್ಲ ಎಂದಳು. ಒರಟಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು, ಅವಳು ಮೆತ್ತಗೇ ಹೇಳಿದಳು. ನಿಯಮವೂ ಸರಿಯೇ. ಒಣ ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಬೆಂಕಿ ತಗುಲಿದರೆ ಧಗ್ಗನೆ ಹತ್ತಿಕೊಳ್ಳುತ್ತದೆ ಎಂದು ವರ್ಷವೂ ಮಕ್ಕಳಿಗೆ ಹೇಳುವವಳು ನಾನೇ. ಬೈಯಲು ಯಾರೂ ಸಿಗದೆ ತಂಗಿಯ ಮೇಲೆಯೇ ಹರಿಹಾಯ್ದೆ.

"ಎರಡ ಬಟ್ಟಲ ಕೊಬ್ಬರ್‍ಯಾಗ ಏನೈತಿ? ಒಗದ ನಡಿ, ಹೊತ್ತಾತು!"

ಅವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. "ನಾ ಬರೂದಿಲ್ಲ ಅಕ್ಕಾ. ಈ ಸಲಾನೂ ಹೋತಂದ್ರ ನಾ ತಡಕೊಳ್ಳಾಕ ಆಗೂದಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದಾದರೂ ನನಗೆ ಗೊತ್ತಿತ್ತು. ವಿಮಾನ ಹತ್ತುವ ಹೊತ್ತು ಹತ್ತಿರ ಬರುತ್ತಿತ್ತು.

"ಇಲ್ಲೇ ತಿಂದ್ರ?" ಎಂದೆ, ಬೇರೆ ಏನೂ ತೋಚದೆ.

ತಂಗಿ ತುಸು ಯೋಚಿಸಿದಳು. "ತಿಂದ್ರ ನಡೀತೈತಿ. ಮನ್ಯಾಗಾದ್ರೂ ತಿನ್ನೂದ ಅಲ್ಲ?"

ಕಾವಲಿನವಳು ನಮ್ಮನ್ನು ಹುಚ್ಚರೆಂಬಂತೆ ನೋಡಿ, ಬೇಗ ಬೇಗ ಎಂದಳು. ಬಟ್ಟಲನ್ನು ಸ್ಟೀಲಿನ ಮೇಜಿನ ಅಂಚಿಗೆ ಕುಕ್ಕಿದೆ, ಒಡೆಯಲಿಲ್ಲ. ಇನ್ನೊಮ್ಮೆ ಜೋರಾಗಿ ಕುಕ್ಕಿದಾಗ ಸದ್ದಿಗೆ ಸಾಲೆಲ್ಲ ತಿರುಗಿ ನೋಡಿತು. ಚೂರು ಚೂರು ಮಾಡಿ ಇಬ್ಬರೂ ಅಗಿಯತೊಡಗಿದೆವು. ಬರೀ ಒಣ ಕೊಬ್ಬರಿ ಎಷ್ಟೆಂದು ತಿನ್ನುವುದು? ದವಡೆ ಸೋತಿತು, ಗಂಟಲು ಹಿಡಿಯಿತು. ನೀರಿನ ಬಾಟಲಿ ಬಸ್ಸಿನಲ್ಲೇ ಖಾಲಿಯಾಗಿತ್ತು. ಮೇಲೆ ಬಳ್ಳಿಗಳು ಹಾಯಾಗಿ ತೂಗುತ್ತಿದ್ದವು. ಅವುಗಳಿಗೆ ನೀರು ಹನಿಸಲು ಕೊಳವೆ ಇದೆಯಂತೆ.

ಕೊನೆಯ ಚೂರು ತಂಗಿಯ ಬಾಯಿಗೆ ಹೋದ ಮೇಲೆ ಕಾವಲಿನವಳು ಮೇಜು ಒರೆಸಲು ಬಟ್ಟೆ ತಂದಳು. "ತಡೀರಿ!" ಎಂದು ಕಿರುಚಿದೆ, ಕನ್ನಡದಲ್ಲಿ. ಬೆರಳು ಒದ್ದೆ ಮಾಡಿಕೊಂಡು ಮೇಜಿನ ಮೇಲೆ ಉದುರಿದ್ದ ಪುಡಿಯನ್ನೆಲ್ಲ ಒತ್ತಿ ಒತ್ತಿ ಎತ್ತಿದೆ. ನೆಲಕ್ಕೆ ಬಿದ್ದಿದ್ದ ಒಂದೆರಡು ಸಣ್ಣ ಚೂರನ್ನೂ ಬಗ್ಗಿ ಹೆಕ್ಕಿದೆ.

ತಂಗಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಅಕ್ಕಾ, ನೀ ಇದನ್ನೆಲ್ಲಾ ನಂಬೂದಿಲ್ಲಲ್ಲ?"

"ಸುಮ್ಮ ಬಾಯಿ ತಗಿ" ಎಂದು ಗದರಿದೆ. ಹೆಕ್ಕಿದ ಚೂರು, ಪುಡಿಯನ್ನೆಲ್ಲ ಒಂದು ಕಾಳೂ ಚೆಲ್ಲದಂತೆ ಅವಳ ಬಾಯಿಗೆ ಹಾಕಿದೆ.