ದೀಪದ ಕೋಣೆಯ ಹಾಡು

ವಿಡಿಯೋ ಗೇಮ್ ಆಡಲು ನನಗೆ ಬರುವುದಿಲ್ಲ. ಆದರೆ ವಿಡಿಯೋ ಗೇಮಿನ ಹಾಡು ಕೇಳುವ ಚಟ ಹತ್ತಿದೆ. ಈ ಮಾತನ್ನು ಕುಷ್ಟಗಿಯಲ್ಲಿ ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿಲ್ಲ. ಶಾಲೆಯಲ್ಲಿ ಇದ್ದಷ್ಟು ಕಾಲ ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಂಡು ಕಪಾಟಿಗೆ ಹಾಕಿ ಬೀಗ ಜಡಿದವಳು ನಾನು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ‘ಅಕ್ಕೋರು’ ಎನ್ನುತ್ತಾರೆ. ಅಂಥ ಅಕ್ಕೋರು ನಿವೃತ್ತಿಯಾದ ಮೇಲೆ ಮಧ್ಯಾಹ್ನ ಉಂಡು, ಬಾಗಿಲಿಗೆ ಅಗಳಿ ಹಾಕಿಕೊಂಡು, ಟಿವಿಯಲ್ಲಿ ಯಾವುದೋ ದೇಶದ ದೆವ್ವದ ಆಟ ಹಚ್ಚಿ ಕೂರುತ್ತಾರೆಂದು ತಿಳಿದರೆ ಊರು ಸುಮ್ಮನಿದ್ದೀತೆ?

ಆಟದ ಡಬ್ಬಿ ನಾನು ಕೊಂಡದ್ದಲ್ಲ. ತಮ್ಮನಿಗೆ ಬೀದರಿಗೆ ವರ್ಗವಾದಾಗ, ಅಲ್ಲಿ ಸಿಕ್ಕ ಮನೆ ಸಣ್ಣದೆಂದು ಅರ್ಧ ಸಾಮಾನು ನನ್ನಲ್ಲಿ ಬಿಟ್ಟುಹೋದ. ಅದರಲ್ಲಿ ಇದೂ ಇತ್ತು. ಕೆಟ್ಟಿದೆಯೋ ನೆಟ್ಟಗಿದೆಯೋ ನೋಡೋಣವೆಂದು ಹಚ್ಚಿದೆ. ಅಂದಿನಿಂದ ನನ್ನ ಕೈಗೆ ಸಿಕ್ಕ ಒಬ್ಬ ವೀರನೂ ಬದುಕಿ ಉಳಿದಿಲ್ಲ. ಕೆಲವರು ಮೊದಲನೆಯ ಗುಂಡಿಯಲ್ಲೇ ಬಿದ್ದರು. ಒಬ್ಬನಂತೂ ತನ್ನ ಮನೆಯ ಮೆಟ್ಟಿಲು ಇಳಿಯುವಾಗಲೇ ಸತ್ತ. ಆದರೆ ಸೋತು ಸೋತು ಒಂದು ಸತ್ಯ ಕಂಡುಕೊಂಡೆ. ನಾವು ಹೆಜ್ಜೆ ಇಡದಿದ್ದರೆ ಅಲ್ಲಿ ಯಾವ ಅನಾಹುತವೂ ಆಗುವುದಿಲ್ಲ. ಹುಲ್ಲು ಅಲ್ಲಾಡುತ್ತಿರುತ್ತದೆ, ಮೋಡ ಹೋಗುತ್ತಿರುತ್ತದೆ, ಹಾಡು ಸುತ್ತಿ ಸುತ್ತಿ ಬರುತ್ತಿರುತ್ತದೆ. ಆಡಲು ಬಂದವರು ಈ ಹಾಡನ್ನು ಕೇಳುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ. ಪುರುಸೊತ್ತು ಇರುವುದು ನನ್ನಂಥ ಹೇಡಿಗಳಿಗೆ ಮಾತ್ರ.

ಯಾವ ಆಟ, ಏನು ಹೆಸರು ಎಂದು ಕೇಳಬೇಡಿ. ಪರದೆಯ ಮೇಲಿನ ಅಕ್ಷರ ಚೀನಿಯೋ ಜಪಾನಿಯೋ ನನಗೆ ತಿಳಿಯದು. ನನಗೆ ಬೇಕಾದ ಹೆಸರು ನಾನೇ ಇಟ್ಟುಕೊಂಡಿದ್ದೇನೆ. ‘ಕೆರೆ ಹಾಡು’ ಎಂಬುದೊಂದಿದೆ. ಅದು ಮೀನು ಹಿಡಿಯುವ ಆಟ. ಮೀನು ಸಿಗುತ್ತಿರುವಾಗ ಡೋಲು ಬಡಿಯುತ್ತಾರೆ, ಅದು ಸಂತೆಯ ಗದ್ದಲ. ಬಹಳ ಹೊತ್ತು ಏನೂ ಸಿಗದಿದ್ದರೆ ಮಾತ್ರ ಡೋಲು ನಿಂತು, ನೀರಿನ ತಳದಿಂದ ಯಾರೋ ಕೊಳಲು ಊದಿದಂತೆ ಒಂದು ರಾಗ ಏಳುತ್ತದೆ. ಇನ್ನೊಂದು ‘ಸೋತವರ ಹಾಡು’. ಅದು ಕಾರು ಓಡಿಸುವ ಆಟದ್ದು. ಗೆದ್ದವರಿಗೆ ಪಟಾಕಿ, ಚಪ್ಪಾಳೆ. ಎಲ್ಲರಿಗಿಂತ ಕೊನೆಗೆ ಬಂದವರಿಗೆ ಖಾಲಿ ಮೈದಾನ ತೋರಿಸಿ, ದೀಪಗಳನ್ನು ಒಂದೊಂದಾಗಿ ಆರಿಸುತ್ತ, ಸಣ್ಣದೊಂದು ಪಿಯಾನೋ ಬಾರಿಸುತ್ತಾರೆ. ಆ ಹಾಡು ಗೆದ್ದವನ ಕಿವಿಗೆ ಈ ಜನ್ಮದಲ್ಲಿ ಬೀಳುವುದಿಲ್ಲ. ನನಗೆ ಬಾಯಿಪಾಠವಾಗಿದೆ.

ಹಿಮ್ಮೇಳದ ಹಣೆಬರಹವೇ ಇಷ್ಟು. ದೊಡ್ಡಾಟದಲ್ಲಿ ಕಿರೀಟ ಇಟ್ಟವನನ್ನು ನೋಡಲು ಜನ ಚಾಪೆ ಹಾಸುತ್ತಾರೆ. ಹಿಂದೆ ಕೂತು ಗಲ್ಲ ಉಬ್ಬಿಸಿ ಮುಖವೀಣೆ ಊದುವವನ ಮುಖ ಯಾರಿಗೂ ನೆನಪಿರುವುದಿಲ್ಲ. ನಮ್ಮ ಓಣಿಯಲ್ಲೇ ಹಿಂದೆ ಅಂಥದೊಂದು ಸಂಗೀತವಿತ್ತು. ಪಕ್ಕದ ಮನೆಯ ಹುಸೇನಬಿಯ ಗಂಡ ಅರಳೆ ಹಿಂಜಿ ಗಾದಿ ಮಾಡುತ್ತಿದ್ದ. ಅವನ ಹಿಂಜುವ ಬಿಲ್ಲಿನ ನರ ‘ಟುಂಯ್’ ಎಂದು ಮಿಡಿದರೆ ಗೋಡೆಯ ಈಚೆ ನನ್ನ ಎದೆಯಲ್ಲೂ ಮಿಡಿಯುತ್ತಿತ್ತು. ನಾವೆಲ್ಲ ಅದನ್ನು ಕಿರಿಕಿರಿ ಎಂದೆವು. ಅವನು ತೀರಿಕೊಂಡ ಮೇಲೆ ಮಗ ಯಂತ್ರ ತಂದು ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದ. ಓಣಿ ಸುಮ್ಮನಾಯಿತು. ಆಗ ತಿಳಿಯಿತು, ಅದು ಹಾಡಾಗಿತ್ತೆಂದು.

ಈಗ ಮುಖ್ಯ ಹಾಡಿಗೆ ಬರುತ್ತೇನೆ. ಒಂದು ಪಾಳು ಅರಮನೆ. ಕೈಯಲ್ಲಿ ಕಂದೀಲು ಹಿಡಿದ ಒಬ್ಬ ಹುಡುಗಿ. ಓಣಿಯಂಥ ಉದ್ದನೆಯ ಪಡಸಾಲೆಗಳ ತುಂಬ ದೆವ್ವಗಳು. ಆದರೆ ಅರಮನೆಯ ಹೆಬ್ಬಾಗಿಲಿನ ಪಕ್ಕದಲ್ಲೇ ಒಂದೇ ಒಂದು ಕೋಣೆ ಇದೆ, ಅಲ್ಲಿ ಗೋಡೆಯ ಗೂಡಿನಲ್ಲಿ ದೀಪ ಉರಿಯುತ್ತಿರುತ್ತದೆ. ಆ ಕೋಣೆಯ ಹೊಸ್ತಿಲು ದಾಟಿ ದೆವ್ವ ಬರುವಂತಿಲ್ಲ. ಹುಡುಗಿ ಒಳಗೆ ಕಾಲಿಟ್ಟ ಕೂಡಲೇ ಎಲ್ಲ ಸದ್ದು ಅಡಗಿ, ಒಂದು ಹೆಣ್ಣಿನ ದನಿ ಬಾಯಿ ಮುಚ್ಚಿಕೊಂಡು ಗುನುಗಲು ತೊಡಗುತ್ತದೆ. ನಾಲ್ಕೇ ಸಾಲು. ಮೂರನೆಯ ಸಾಲಿನ ಕೊನೆಗೆ ಆ ಹೆಂಗಸು ಸಣ್ಣಗೆ ಉಸಿರೆಳೆದುಕೊಳ್ಳುತ್ತಾಳೆ. ಆ ಉಸಿರು ಕೇಳಿದಾಗಲೆಲ್ಲ ಯಾರೋ ನನ್ನ ಬೆನ್ನ ಹಿಂದೆಯೇ ಕೂತಿದ್ದಾರೆಂದು ಅನ್ನಿಸಿ ತಿರುಗಿ ನೋಡುತ್ತಿದ್ದೆ. ಹೆದರಿಕೆಯೂ ಆಗುತ್ತಿತ್ತು, ಹೊದ್ದುಕೊಂಡು ಮಲಗಬೇಕೆಂದೂ ಅನ್ನಿಸುತ್ತಿತ್ತು. ಹುಡುಗಿಯನ್ನು ಆ ಕೋಣೆಯಿಂದ ಹೊರಗೆ ನಡೆಸುವ ಗೊಡವೆಗೇ ನಾನು ಹೋಗಲಿಲ್ಲ. ದಿನಾ ಮಧ್ಯಾಹ್ನ ಅವಳನ್ನು ಅಲ್ಲಿ ನಿಲ್ಲಿಸಿ, ಹಾಡನ್ನು ಹಾಗೇ ಬಿಟ್ಟು, ಚಾಪೆಯ ಮೇಲೆ ಅಡ್ಡಾಗುತ್ತಿದ್ದೆ.

ನಮ್ಮ ಊರಿನ ಬೇಸಿಗೆಯ ಮಧ್ಯಾಹ್ನ ನಿಮಗೆ ಗೊತ್ತಿರಬೇಕು. ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಬೇರೆ ಊರುಗಳಲ್ಲಿ ದೆವ್ವಗಳು ಕತ್ತಲೆಗೆ ಕಾಯುತ್ತವಂತೆ. ನಮ್ಮಲ್ಲಿ ಮಟಮಟ ಮಧ್ಯಾಹ್ನವೇ ಓಡಾಡುತ್ತವೆ ಎಂದು ನಮ್ಮವ್ವ ಹೇಳುತ್ತಿದ್ದಳು. ಆ ಬಿಸಿಲಿನಲ್ಲಿ ಓಡಾಡಲು ಮನುಷ್ಯರಿಗಂತೂ ಸಾಧ್ಯವಿಲ್ಲ ಎಂಬುದು ಅವಳ ತರ್ಕ.

ಇಂಥ ದಿನಗಳಲ್ಲೇ ಹುಸೇನಬಿಯ ಮಗಳು ಶಬಾನಾ ಚೊಚ್ಚಲ ಬಾಣಂತನಕ್ಕೆ ಗಂಗಾವತಿಯಿಂದ ತವರಿಗೆ ಬಂದಿದ್ದಳು. ಶಬಾನಾ ನನ್ನ ಕೈಯಲ್ಲೇ ಕಲಿತವಳು. ಕೂಸು ಹುಟ್ಟಿ ಕೆಲವು ದಿನವಾಗಿತ್ತು. ಒಂದು ಬೆಳಿಗ್ಗೆ ಹುಸೇನಬಿ ಬಂದು ನನ್ನ ಕಟ್ಟೆಯ ಮೇಲೆ ಕೂತಳು. ಮುಖ ಬಾಡಿತ್ತು.

“ಅಕ್ಕೋರ, ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ. ನಮ್ಮ ಮಾಳಿಗಿ ಮ್ಯಾಲೆ ಹೆಣ್ಣು ಗಾಳಿ ಬಂದು ಕುಂತೈತ್ರಿ.”

“ಕುಂತು ಏನ್ ಮಾಡತೈತಿ?”

“ಹಾಡತೈತ್ರಿ. ದಿನಾ ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ಹಾಡತೈತ್ರಿ. ಶಬಾನಾ ಹೆದರಿ ಕಣ್ಣು ಮುಚ್ಚವಲ್ಲಳು. ನಿದ್ದಿಲ್ಲ, ಹಾಲು ಇಳಿವಲ್ದು, ಕೂಸು ಅಳತೈತಿ.”

ಸುದ್ದಿ ಗಂಗಾವತಿಗೂ ಮುಟ್ಟಿತ್ತು. ಶುಕ್ರವಾರದ ನಮಾಜು ಮುಗಿಸಿ ಬೀಗರು ಗಾಡಿ ತಗೊಂಡು ಬರುವವರಿದ್ದರು. ಗಾಳಿ ಇರುವ ಮನೆಯಲ್ಲಿ ಸೊಸೆಯನ್ನೂ ಮೊಮ್ಮಗುವನ್ನೂ ಬಿಡುವುದಿಲ್ಲ ಎಂಬುದು ಬೀಗತಿಯ ಮಾತು. ನಲವತ್ತು ದಿನದ ಚಿಲ್ಲಾ ಮುಗಿಯುವವರೆಗೆ ಬಾಣಂತಿ ಹೊಸ್ತಿಲು ದಾಟಬಾರದು. ಅಂಥದರಲ್ಲಿ ಈ ಬೆಂಕಿ ಬಿಸಿಲಲ್ಲಿ ಹಸಿಮೈಯವಳನ್ನು ಗಂಗಾವತಿಯವರೆಗೆ ಸಾಗಿಸುವುದೆಂದರೆ ಏನು?

“ಮಗಳ ಬಾಣಂತನ ನೆಟ್ಟಗ ಮಾಡ್ಲಿಲ್ಲ ಅಂತ ಆತಂದ್ರ, ನಾ ತಾಯಿ ಅಂತ ಹೆಂಗ ಮುಖ ತೋರಿಸ್ಲಿ?” ಎಂದು ಹುಸೇನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಾಳಿಗೀಳಿ ಎಲ್ಲ ಸುಳ್ಳು ಎಂದು ಅಕ್ಕೋರ ಗತ್ತಿನಲ್ಲಿ ಹೇಳಿದೆ. ಹೇಳಿದವಳೇ ಒಳಗೆ ಹೋಗಿ, ಯಾವುದಕ್ಕೂ ಇರಲಿ ಎಂದು, ಹಿತ್ತಿಲ ಬೇವಿನ ತಪ್ಪಲು ಮುರಿದು, ನಮ್ಮವ್ವನ ಹಳೆಯ ಕುಡಗೋಲನ್ನೂ ಜೊತೆಗಿಟ್ಟು ಕೊಟ್ಟೆ. ಬಾಣಂತಿಯ ತಲೆದೆಸೆಗೆ ಕಬ್ಬಿಣವಿದ್ದರೆ ಗಾಳಿ ಸುಳಿಯುವುದಿಲ್ಲ. ಹುಸೇನಬಿ ಆಗಲೇ ದರ್ಗಾದಿಂದ ತಾಯಿತ ತಂದು ಕಟ್ಟಿದ್ದಳು, ಲೋಬಾನದ ಹೊಗೆ ಹಾಕುತ್ತಿದ್ದಳು. ಅದಕ್ಕೆ ನನ್ನ ಬೇವು, ಕುಡಗೋಲು ಸೇರಿತು. ದೆವ್ವವೇ ತನ್ನ ವಿರುದ್ಧ ಆಯುಧ ಕೊಟ್ಟು ಕಳಿಸಿದ ಪ್ರಸಂಗ ಇನ್ನೆಲ್ಲಾದರೂ ನಡೆದಿದ್ದರೆ ನನಗೆ ತಿಳಿಸಿ. ಮಧ್ಯಾಹ್ನ ಹಾಡುವ ಹೆಂಗಸು ಎಂದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಯಾರಿಗೂ ತಾನು ಇನ್ನೊಬ್ಬರ ಮನೆಯ ದೆವ್ವವಾಗಿರಬಹುದು ಎಂಬ ಯೋಚನೆ ಬರುವುದಿಲ್ಲ.

ಮರುದಿನ ಮಧ್ಯಾಹ್ನ ನಾನು ಹಾಡು ಹಚ್ಚಿ ಅಡ್ಡಾಗಿದ್ದೆ. ಬಾಗಿಲು ಬಡಿದ ಸದ್ದಾಯಿತು. ಹುಸೇನಬಿ ಬರಿಗಾಲಲ್ಲಿ ನಿಂತಿದ್ದಳು.

“ಈಗ ಹಾಡಾಕತ್ತೈತ್ರಿ. ನೀವು ಓದಿದೋರು, ಬಂದು ಒಮ್ಮೆ ಕೇಳ್ರಿ.”

ಟಿವಿ ಆರಿಸುವುದನ್ನೂ ಮರೆತು ಅವಳ ಹಿಂದೆ ಓಡಿದೆ. ಬಾಣಂತಿ ಕೋಣೆ ಕತ್ತಲಾಗಿತ್ತು. ಕಿಟಕಿಗೆ ಕಂಬಳಿ ಹಾಕಿದ್ದರು. ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ ಬಿಸಿಲಿನ ಕೋಲೊಂದು ಇಳಿದು ನೆಲಕ್ಕೆ ನಾಟಿತ್ತು. ಲೋಬಾನದ ಹೊಗೆ ಆ ಬೆಳಕಿನಲ್ಲಿ ಮೆಲ್ಲಗೆ ಮೇಲಕ್ಕೆ ಏರುತ್ತಿತ್ತು. ಶಬಾನಾ ಕೂಸನ್ನು ಎದೆಗೊತ್ತಿಕೊಂಡು, ಕಣ್ಣು ಬಿಟ್ಟುಕೊಂಡು, ಮೇಲಕ್ಕೆ ನೋಡುತ್ತಿದ್ದಳು. ಅವಳ ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು. ನನ್ನನ್ನು ಕಂಡು ಬೆರಳು ಮೇಲೆತ್ತಿದಳು.

ಹೊಗೆ ಏರುತ್ತಿದ್ದ ದಾರಿಯಲ್ಲೇ ದನಿಯೊಂದು ಇಳಿದು ಬಂತು. ಹೆಣ್ಣಿನ ದನಿ. ಬಾಯಿ ಮುಚ್ಚಿದ ಗುನುಗು. ಆಕಾಶದಲ್ಲಿ ಯಾರೋ ತೊಟ್ಟಿಲು ತೂಗುತ್ತಿದ್ದಾರೆ ಎನ್ನುವಂತಿತ್ತು. ನಿಜ ಹೇಳುತ್ತೇನೆ, ನಾನು ನಂಬಿದೆ. ಆ ಗಳಿಗೆಯಲ್ಲಿ ನಾನು ಓದಿದ್ದು, ಕಲಿಸಿದ್ದು ಎಲ್ಲವೂ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಉಳಿದಿತ್ತು. ಕುಡಗೋಲು ಎಲ್ಲಿದೆ ಎಂದು ಕಣ್ಣಿನಿಂದಲೇ ಹುಡುಕಿದೆ.

ಆಗ ಮೇಲಿನ ಹೆಂಗಸು ಸಣ್ಣಗೆ ಉಸಿರೆಳೆದುಕೊಂಡಳು.

ನಮ್ಮವು ಹಳೆಯ ಮಣ್ಣಿನ ಮಾಳಿಗೆಯ ಮನೆಗಳು. ಎರಡು ಮನೆಗಳ ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಾಳಿಗೆ. ಅವರ ಬೆಳಕಿಂಡಿಗೂ ನಮ್ಮ ಬೆಳಕಿಂಡಿಗೂ ಹಾಸಿಗೆಯಷ್ಟು ಅಂತರ. ನನ್ನ ಟಿವಿ ಇರುವುದು ಸರಿಯಾಗಿ ನಮ್ಮ ಬೆಳಕಿಂಡಿಯ ಕೆಳಗೆ. ಜೊತೆಗೆ, ವರ್ಷಗಟ್ಟಲೆ ಮಕ್ಕಳ ಗದ್ದಲ ಕೇಳಿ ನನ್ನ ಕಿವಿ ತುಸು ಮಂದವಾಗಿದೆ. ನಾನು ಸಣ್ಣಗೆ ಎಂದುಕೊಂಡದ್ದು ಊರಿಗೆ ಸಣ್ಣಗಲ್ಲ. ಹಾಡು ನಮ್ಮ ಕಿಂಡಿಯಿಂದ ಹತ್ತಿ ಅವರ ಕಿಂಡಿಯಿಂದ ಇಳಿಯುತ್ತಿತ್ತು. ಮೇಲಿನಿಂದ ಬರುವ ಸದ್ದಿಗೆ ಪಕ್ಕದ ಮನೆಯ ಮೇಲೆ ಯಾರಿಗೆ ಅನುಮಾನ ಬಂದೀತು, ಅದೂ ಅಕ್ಕೋರ ಮನೆಯ ಮೇಲೆ?

“ಹುಸೇನಬಿ, ಅದು ನನ್ನ ಟಿವಿ,” ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. “ನಮ್ಮ ಸಮಾಧಾನಕ್ಕ ಹೇಳ್ತೀರಿ ಬಿಡ್ರಿ. ನಿಮ್ಮ ಮನಸು ಗೊತ್ತೈತಿ.”

ಎಷ್ಟು ಹೇಳಿದರೂ ನಂಬಲಿಲ್ಲ. ಜನ್ಮವಿಡೀ ಕಾಪಾಡಿಕೊಂಡು ಬಂದ ಮರ್ಯಾದೆ ಹೀಗೆ ಅಡ್ಡ ಬರುತ್ತದೆಂದು ಯಾರಿಗೆ ಗೊತ್ತಿತ್ತು. ಕೊನೆಗೆ ರಟ್ಟೆ ಹಿಡಿದು ನಮ್ಮ ಮನೆಗೆ ಕರೆತಂದೆ. ಟಿವಿಯಲ್ಲಿ ಕಂದೀಲಿನ ಹುಡುಗಿ ದೀಪದ ಕೋಣೆಯಲ್ಲಿ ನಿಂತೇ ಇದ್ದಳು. ಹುಸೇನಬಿ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಎಂದು ನಾನು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು.

“ಈ ಹುಡುಗಿ ಯಾಕ ಹಿಂಗ ನಿಂತಾಳ್ರಿ?”

“ಹೊರಗ ದೆವ್ವ ಅದಾವ.”

“ಒಳಗ ಬರಂಗಿಲ್ಲೇನ್ರಿ?”

“ಈ ಕೋಣ್ಯಾಗ ಬರಂಗಿಲ್ಲ. ಈ ಹಾಡು ಇರೋತನಕ ಬರಂಗಿಲ್ಲ.”

ಅವಳು ಇನ್ನೊಮ್ಮೆ ಆ ದೀಪವನ್ನು ನೋಡಿದಳು. “ಹಂಗಾರ ಇದು ದೆವ್ವದ ಹಾಡಲ್ಲ,” ಎಂದಳು. “ಶಬಾನಾಗ ಹೇಳ್ತೀನ್ರಿ.”

ಅವಳು ಹೋದ ಮೇಲೆ ನಾನು ಟಿವಿ ಆರಿಸಿ, ಡಬ್ಬಿಯ ವೈರು ಕಿತ್ತು, ಸುತ್ತಿ, ಕಪಾಟಿಗೆ ಹಾಕಿ ಬೀಗ ಜಡಿದೆ. ಮಕ್ಕಳಿಗೆ ಮಾಡಿದ್ದನ್ನು ನನಗೇ ಮಾಡಿಕೊಂಡೆ. ನಾಚಿಕೆಯಿಂದ ಎರಡು ದಿನ ಕಟ್ಟೆಯ ಮೇಲೂ ಕೂರಲಿಲ್ಲ.

ಶುಕ್ರವಾರ ಗಂಗಾವತಿಯ ಗಾಡಿ ಬಂತು. ಬೀಗತಿ ಬಾಣಂತಿ ಕೋಣೆಯಲ್ಲಿ ಬೆಳಕಿಂಡಿಯ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತು ಕಾದರಂತೆ. ಬಿಸಿಲು ಬಿಟ್ಟರೆ ಮೇಲಿನಿಂದ ಏನೂ ಇಳಿಯಲಿಲ್ಲ. ಶಬಾನಾ ಕೂಸಿಗೆ ಹಾಲು ಕುಡಿಸುತ್ತ, “ನಾ ಎಲ್ಲೂ ಬರಂಗಿಲ್ಲ, ಇಲ್ಲೇ ಛಲೋ ನಿದ್ದಿ ಬರತೈತಿ” ಎಂದಳಂತೆ. ಬೀಗರು ಚಹಾ ಕುಡಿದು ಖಾಲಿ ಗಾಡಿಯಲ್ಲಿ ಹೋದರು. ಗೋಡೆಯ ಈಚೆ ನಾನು ಉಸಿರು ಬಿಟ್ಟೆ.

ಅದಾಗಿ ಕೆಲವು ದಿನ ಕಳೆದಿದ್ದವು. ಮಟಮಟ ಮಧ್ಯಾಹ್ನ. ಟಿವಿ ಕಪ್ಪಗಿತ್ತು. ಹಾಡಿಲ್ಲದೆ ನಿದ್ದೆಯೂ ಹತ್ತದೆ ಚಾಪೆಯ ಮೇಲೆ ಸುಮ್ಮನೆ ಮಲಗಿದ್ದೆ. ಇದ್ದಕ್ಕಿದ್ದಂತೆ ನಮ್ಮ ಬೆಳಕಿಂಡಿಯಿಂದ ದನಿಯೊಂದು ಇಳಿಯಿತು. ಹೆಣ್ಣಿನ ದನಿ, ಬಾಯಿ ಮುಚ್ಚಿದ ಗುನುಗು, ಅದೇ ಹಾಡು. ಕಪಾಟಿನ ಕಡೆ ನೋಡಿದೆ. ಬೀಗ ಹಾಗೇ ಇತ್ತು. ಮೊದಲನೆಯ ಸಾಲು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯ ಸಾಲಿನ ಕೊನೆಗೆ ಆ ಉಸಿರಿಗಾಗಿ ಕಿವಿ ನಿಮಿರಿಸಿ ಕಾದೆ. ಉಸಿರು ಬರಲಿಲ್ಲ. ಅದರ ಬದಲು ತೊಟ್ಟಿಲಿನ ಕಿರ್ ಸದ್ದು ಬಂತು. ಕೂಸೊಂದು ನಿದ್ದೆಗಣ್ಣಲ್ಲಿ ‘ಆಂ’ ಎಂದಿತು.

ಶಬಾನಾಳಿಗೆ ತಾನು ಏನು ಹಾಡುತ್ತಿದ್ದೇನೆಂದು ಗೊತ್ತಿತ್ತೋ ಇಲ್ಲವೋ ನಾನು ಈವರೆಗೆ ಕೇಳಿಲ್ಲ. ಎಲ್ಲೋ ಸಮುದ್ರದಾಚೆ ಒಬ್ಬರು ಕೂತು ಕಟ್ಟಿದ ಹಾಡು. ಆಡುವವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬಾಗಿಲು ತೆರೆದು ಓಡಿಬಿಡುತ್ತಾರೆ. ಕಟ್ಟಿದವರ ಹೆಸರು ನನಗೂ ಗೊತ್ತಿಲ್ಲ. ಜೋಗುಳ ಕಟ್ಟಿದವರ ಹೆಸರು ಯಾವ ಕಾಲಕ್ಕೂ ಯಾರಿಗೂ ಗೊತ್ತಿದ್ದಿಲ್ಲ, ಆದ್ದರಿಂದ ಅವರೇನೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.

ಆಟದಲ್ಲಿ ಆ ಹಾಡಿಗೆ ನಾಲ್ಕೇ ಸಾಲು. ನಾಲ್ಕನೆಯದು ಮುಗಿದೊಡನೆ ಮತ್ತೆ ಮೊದಲಿಗೆ ಹೋಗುತ್ತದೆ, ಎಷ್ಟು ಹೊತ್ತು ನಿಂತರೂ ಅಷ್ಟೇ. ಶಬಾನಾ ನಾಲ್ಕನೆಯದನ್ನು ಮುಗಿಸಿದಳು. ಕೂಸು ಇನ್ನೂ ಮಲಗಿರಲಿಲ್ಲವೆಂದು ಕಾಣುತ್ತದೆ, ಅವಳು ಐದನೆಯ ಸಾಲು ಹಾಡಿದಳು. ನಾನು ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದೆ. ಹೊರಗೆ ಏನೇನು ಓಡಾಡುತ್ತಿತ್ತೋ, ನಮ್ಮ ಎರಡು ಮನೆಗಳ ಒಳಗೆ ಬರುವಂತಿರಲಿಲ್ಲ.